ಪ್ಲಾಸ್ಟಿಕ್ ಪೈಪಿಗೆ ಕಟ್ಟಿದ ಹಸಿರು ವೈರು

ನನ್ನನ್ನು ಎಲ್ಲರೂ 'ರೈಲು' ಅಂತಲೇ ಕರೆಯುತ್ತಾರೆ. ಹೊಟ್ಟೆಪಾಡಿಗೆ ಮಾಡುವುದು ವೈರಿಂಗ್ ಕೆಲಸ, ಬಾಯಿಪಾಡಿಗೆ ರೈಲು ಬಿಡುವುದು. ಒಮ್ಮೆ ನಾನು ಕಂಬದ ಮೇಲೆ ಕೂತಿದ್ದಾಗ ಸಿಡಿಲು ಬಂತು, "ಅಣ್ಣಾ, ಸ್ವಲ್ಪ ಪಕ್ಕಕ್ಕೆ ಸರೀತೀರಾ" ಅಂತ ಕೇಳಿಕೊಂಡು ಕೆಳಗೆ ಇಳಿದು ಹೋಯಿತು. ಈ ಕತೆಯನ್ನು ನನ್ನ ಅಕ್ಕನ ಮಗಳು ಹತ್ತು ವರ್ಷ ತುಂಬುವ ತನಕ ನಂಬಿದ್ದಳು. ಇಂಥ ಸುಳ್ಳುಗಳಿಂದ ಯಾರ ಗಂಟೂ ಹೋಗುವುದಿಲ್ಲ ಅಂದುಕೊಂಡಿದ್ದೆ. ಆ ಬುಧವಾರದ ತನಕ.

ಅವತ್ತು ಬೆಳಿಗ್ಗೆ ಅಕ್ಕನ ಮನೆಯ ಫ್ಯಾನ್ ರಿಪೇರಿಗೆ ಹೋಗಿದ್ದೆ. ಕೆಲಸ ಮುಗಿಸಿ, ಕೈ ತೊಳೆಯಲು ಅಡುಗೆಮನೆಯ ನಲ್ಲಿ ಮುಟ್ಟಿದೆ. ಮೊಣಕೈ ತನಕ ಜುಮ್ ಅಂತು. ಯಾರೋ ಮೂಳೆಯೊಳಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ.

ನನ್ನ ಭಾವ ಹಾಲಿನಲ್ಲಿ ಕೂತು ಟೀ ಕುಡಿಯುತ್ತಿದ್ದರು. ಅವರು ಪ್ಲಂಬರ್. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅದಕ್ಕೇ ಆ ಹತ್ತನ್ನೂ ಬೀದಿಯವರೆಲ್ಲ ಕಣ್ಣುಮುಚ್ಚಿ ನಂಬುತ್ತಾರೆ.

"ಭಾವ, ಈ ನಲ್ಲಿ ಯಾವಾಗಿಂದ ಕಚ್ಚತ್ತೆ?"

"ನಿಮ್ಮಕ್ಕನೂ ನಾಲ್ಕು ದಿನದಿಂದ ಇದೇ ರಾಗ ಹಾಡ್ತಿದಾಳೆ. ಒಂದೇ ಹೊಟ್ಟೇಲಿ ಹುಟ್ಟಿದವರಲ್ವಾ."

ಜೇಬಿನಿಂದ ಟೆಸ್ಟರ್ ತೆಗೆದು ನಲ್ಲಿಗೆ ಇಟ್ಟೆ. ಅದರೊಳಗಿನ ಪುಟ್ಟ ದೀಪ ಕೆಂಪಗೆ ಉರಿಯಿತು. "ನೋಡಿ ಇಲ್ಲಿ, ನೋಡಿ!" ಅಂದೆ. ಭಾವ ಕೂತಲ್ಲಿಂದಲೇ ಒಮ್ಮೆ ನೋಡಿದರು.

"ನಿನ್ನ ಜೇಬಲ್ಲಿ ಇದ್ದೂ ಇದ್ದೂ ಅದೂ ಸುಳ್ಳು ಹೇಳೋದು ಕಲಿತಿದೆ."

"ಅಕ್ಕ ಎಲ್ಲಿ?"

"ಸ್ನಾನಕ್ಕೆ ಹೋದಳು."

ಅಡುಗೆಮನೆಯಲ್ಲಿ ನನ್ನ ಕಾಲಿಗೆ ರಬ್ಬರ್ ಚಪ್ಪಲಿ ಇತ್ತು, ನೆಲ ಒಣಗಿತ್ತು. ಬಚ್ಚಲಿನಲ್ಲಿ ಒದ್ದೆ ನೆಲ, ಬರಿಗಾಲು, ಕಬ್ಬಿಣದ ನಲ್ಲಿ. ಓಡಿಹೋಗಿ ಬಾಗಿಲು ಬಡಿದೆ.

"ಅಕ್ಕಾ! ನಲ್ಲಿ ಮುಟ್ಟಬೇಡ! ಅದರಲ್ಲಿ ಕರೆಂಟಿದೆ!"

ಒಳಗಿಂದ ನಗು ಕೇಳಿಸಿತು. "ಹೋದ ಸಲ ಮೊಸಳೆ ಇದೆ ಅಂದಿದ್ದೆ. ಅದು ಎಲ್ಲಿಗೆ ಹೋಯ್ತೋ?"

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಇದು ನಿಜ!"

"ನೀನು ಪ್ರತಿ ಸಲನೂ ನಿಜ ಅಂತಾನೇ ಶುರು ಮಾಡೋದು."

ಇನ್ನು ಮಾತಿನಿಂದ ಆಗುವುದಿಲ್ಲ ಅನ್ನಿಸಿತು. ಹೊಸಿಲ ಹತ್ತಿರದ ಮೈನ್ ಸ್ವಿಚ್ಚಿನತ್ತ ಓಡಿ, ಅದನ್ನು ಧಡಾರನೆ ಕೆಳಗೆಳೆದೆ. ಫ್ಯಾನ್ ನಿಂತಿತು. ಬಚ್ಚಲು ಕತ್ತಲಾಯಿತು.

"ಹಾಳಾದವನೇ!" ಅನ್ನುತ್ತಾ ಅಕ್ಕ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಗೆ ಬಂದಳು. ನಲ್ಲಿಗೆ ಕೈ ಚಾಚಿದ್ದಳಂತೆ. ಒಂದು ಗೇಣು ಬಾಕಿ ಇತ್ತು ಅಂತ ಆಮೇಲೆ ಹೇಳಿದಳು.

ಭಾವ ಲೋಟ ಕುಕ್ಕಿ ಎದ್ದರು. "ನನ್ನ ಮನೆ ಮೈನ್ ಆಫ್ ಮಾಡೋಕೆ ನೀನ್ಯಾರೋ? ಹಾಕು."

"ಹಾಕಲ್ಲ."

ಅವರೇ ಹಾಕಲು ಬಂದರು. ನಾನು ಅವರ ಮಣಿಕಟ್ಟು ಹಿಡಿದೆ. ಅಕ್ಕನ ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಆ ಮನುಷ್ಯನ ಮುಂದೆ ನಾನು ಕಾಲ ಮೇಲೆ ಕಾಲು ಹಾಕಿ ಕೂತವನಲ್ಲ.

"ಕೈ ಬಿಡೋ."

"ನೀನು ತೆಗಿ ಮೊದಲು ಕೈನ!"

ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಏನೋ ಅದು, ಭಾವಂಗೆ ನೀನು ಅಂತೀಯಾ?"

"ಅಂತೀನಿ! ಇವತ್ತು ಅಂತೀನಿ! ನಿನ್ನ ಹೆಣ ಎತ್ತೋದಕ್ಕಿಂತ ಅದು ವಾಸಿ!"

ನನ್ನ ಧ್ವನಿ ಅಷ್ಟು ಜೋರಾಗಬಹುದು ಅಂತ ನನಗೇ ಗೊತ್ತಿರಲಿಲ್ಲ.

ಅವರನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. ಬೀದಿಯಿಂದ ಬರುವ ಹಳೆಯ ಕಬ್ಬಿಣದ ಪೈಪು ತುಕ್ಕು ಹಿಡಿದು ಸೋರುತ್ತಿತ್ತು ಅಂತ ಭಾವ ನಾಲ್ಕು ದಿನದ ಹಿಂದೆ ಅದನ್ನು ಕಿತ್ತು ಪ್ಲಾಸ್ಟಿಕ್ ಪೈಪು ಹಾಕಿದ್ದರು. ಅಗೆದು ಮುಚ್ಚಿದ ಮಣ್ಣು ಇನ್ನೂ ಹಸಿಯಾಗಿತ್ತು. ಅದರೊಳಕ್ಕೆ ನನ್ನ ಉದ್ದನೆಯ ಸ್ಕ್ರೂಡ್ರೈವರನ್ನು ಹಿಡಿಯ ತನಕ ಚುಚ್ಚಿದೆ. ಹೋಲ್ಡರಿಗೆ ಒಂದು ಬಲ್ಬು ಸಿಕ್ಕಿಸಿ, ಅದರ ಒಂದು ವೈರನ್ನು ಸ್ಕ್ರೂಡ್ರೈವರಿಗೆ ಸುತ್ತಿದೆ. ಇನ್ನೊಂದನ್ನು ಗೋಡೆಯ ಮೇಲಿದ್ದ ಅಂಗಳದ ನಲ್ಲಿಗೆ ಸುತ್ತಿದೆ. ಆ ನಲ್ಲಿ ಮನೆಯೊಳಗಿನ ಕಬ್ಬಿಣದ ಪೈಪುಗಳಿಗೇ ಸೇರಿದ್ದು.

"ಯಾರೂ ಏನೂ ಮುಟ್ಟಬೇಡಿ" ಅಂದು ಒಳಗೆ ಹೋಗಿ ಮೈನ್ ಹಾಕಿ ಬಂದೆ.

ಬಲ್ಬು ಉರಿಯುತ್ತಿತ್ತು. ಹಾಡಹಗಲು, ಬಿಸಿಲಿನಲ್ಲಿ, ಸ್ವಿಚ್ಚಿಲ್ಲ, ಪ್ಲಗ್ಗಿಲ್ಲ. ಒಂದು ಕಡೆ ನಲ್ಲಿ, ಇನ್ನೊಂದು ಕಡೆ ಕೆಸರು, ನಡುವೆ ದೀಪ. ನಾನು ಹುಟ್ಟಿದ ಮೇಲೆ ಬಿಟ್ಟ ಯಾವ ರೈಲೂ ಇದರಷ್ಟು ಉದ್ದ ಇರಲಿಲ್ಲ. ಇದು ಮಾತ್ರ ನಿಜವಾಗಿತ್ತು.

ಅಕ್ಕ ಮೆಟ್ಟಿಲ ಮೇಲೆ ಕೂತಳು. ಕೂಗಾಡಲಿಲ್ಲ. ಗಂಡನ ಮುಖ ನೋಡುತ್ತಾ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದೇ ಮಾತು ಎತ್ತಿಟ್ಟಳು.

"ಮೊದಲನೇ ದಿನ ಇರುವೆ ಕಚ್ಚಿದ ಹಾಗಾಯ್ತು ಅಂದೆ. ನರದ ದೌರ್ಬಲ್ಯ ಅಂದ್ರಿ. ನಿನ್ನೆ ಚೇಳು ಕುಟುಕಿದ ಹಾಗಾಯ್ತು ಅಂದೆ. ಚಪ್ಪಲಿ ಹಾಕ್ಕೊಂಡು ಪಾತ್ರೆ ತೊಳಿ ಅಂದ್ರಿ. ಅವನು ಸುಳ್ಳುಗಾರ ಸರಿ. ನಾನು ಯಾವತ್ತು ಸುಳ್ಳು ಹೇಳಿದ್ದೆ?"

ನಾನು ಮೈನ್ ಆಫ್ ಮಾಡಿ ಬಂದು, "ಪೈಪಿಗೆ ಕಟ್ಟಿದ್ದ ಹಸಿರು ವೈರು ಎಲ್ಲಿ?" ಅಂದೆ.

"ಅಲ್ಲೇ ಇದೆ. ಮೊದಲು ಹೇಗಿತ್ತೋ ಹಾಗೇ ಕಟ್ಟಿದೀನಿ." ಅವರ ಧ್ವನಿಯಲ್ಲಿ ಸ್ವಲ್ಪ ಜೀವ ಬಂತು. ಗೇಟಿನ ಮೂಲೆಯಲ್ಲಿ ಕೂತು ಗುಂಡಿಗೆ ಮುಚ್ಚಿದ್ದ ಹಲಗೆ ಎತ್ತಿದರು.

ನೋಡಿದೆ. ಇಪ್ಪತ್ತು ವರ್ಷದ ಹಿಂದೆ ನಾನೇ ಕೊಟ್ಟಿದ್ದ ಹಿತ್ತಾಳೆಯ ಕ್ಲಾಂಪು ಹೊಸ ಪ್ಲಾಸ್ಟಿಕ್ ಪೈಪನ್ನು ತಬ್ಬಿಕೊಂಡಿತ್ತು. ಸ್ಕ್ರೂ ಗಟ್ಟಿಯಾಗಿ ಬಿಗಿದಿತ್ತು. ಹಸಿರು ವೈರು ನೇರವಾಗಿ, ಅಂದವಾಗಿ ಬಂದು ಅದಕ್ಕೆ ಸೇರಿತ್ತು. ಸಾಲದ್ದಕ್ಕೆ, ಕ್ಲಾಂಪು ಕೂರುವ ಜಾಗದಲ್ಲಿ ಪ್ಲಾಸ್ಟಿಕ್ಕನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿದ್ದರು.

"ಇದೇನಿದು?"

"ಉಜ್ಜಿ ಕಟ್ಟಬೇಕು ಅಂದಿದ್ದೆ ನೀನು. ಉಜ್ಜಿ ಕಟ್ಟಿದೀನಿ."

"ಕಬ್ಬಿಣ ಉಜ್ಜು ಅಂದಿದ್ದೆ! ಪ್ಲಾಸ್ಟಿಕ್ ಉಜ್ಜಿದ್ರೆ ಕಬ್ಬಿಣ ಆಗತ್ತಾ? ನಿಮ್ಮ ತಲೇಲಿ ಏನಿದೆ? ಇದಕ್ಕಿಂತ ವೈರನ್ನ ನಿಮ್ಮ ಮೀಸೆಗೆ ಕಟ್ಟಿಕೊಂಡಿದ್ರೆ ವಾಸಿಯಿತ್ತು!"

"ಕಿರುಚಬೇಡ. ಅದನ್ನ ಯಾಕೆ ಕಟ್ಟಬೇಕು ಅಂತ ನೀನು ನನಗೆ ಯಾವತ್ತಾದ್ರೂ ಹೇಳಿದ್ಯಾ?"

"ಹೇಳದೆ ಏನು! ಅವತ್ತೇ..."

ಈ ಮನೆಗೆ ವೈರಿಂಗ್ ಮಾಡಿದ ದಿನ ಹೇಳಿದ್ದು ನೆನಪಾಯಿತು. ಅಕ್ಕನಿಗೂ ನೆನಪಾಯಿತು. ಅವಳೇ ಹೇಳಿದಳು:

"ಈ ವೈರು ಬಿಚ್ಚಿದ್ರೆ ಸಿಡಿಲು ಮನೆ ಹುಡುಕ್ಕೊಂಡು ಬಂದು ಭಾವನ ಮೀಸೆ ಬೋಳಿಸತ್ತೆ ಅಂದಿದ್ದೆ. ಎಲ್ಲರೂ ನಕ್ಕಿದ್ವಿ."

ಭಾವನ ಕೈ ತಾನಾಗಿ ಮೀಸೆಗೆ ಹೋಯಿತು. "ಅದಕ್ಕೇ ಒಂದು ದಿನವೂ ಬಿಚ್ಚಿಡಲಿಲ್ಲ. ಪೈಪು ಬದಲಾಯಿಸಿದ ಗಳಿಗೇಲೇ ಮತ್ತೆ ಕಟ್ಟಿದೆ."

ಅಷ್ಟು ಹೊತ್ತು ಭಾವನ ಮೇಲೆ ಕುದಿಯುತ್ತಿದ್ದ ಕೋಪ ತಿರುಗಿ ನನ್ನ ಮುಖಕ್ಕೇ ಹೊಡೆಯಿತು. ಆ ಮನುಷ್ಯ ನನ್ನ ಮಾತು ಮೀರಿರಲಿಲ್ಲ. ಅಕ್ಷರ ಬಿಡದೆ ಪಾಲಿಸಿದ್ದರು. ನಾನು ಕಾರಣ ಕೊಡುವ ಕಡೆ ಕತೆ ಕೊಟ್ಟಿದ್ದೆ. ನೆಲಕ್ಕೆ ಒಂದು ಗುದ್ದು ಗುದ್ದಿದೆ. ಕೈ ನೋಯಿತು, ನೋಯಲಿ ಅಂದುಕೊಂಡೆ.

ಆಮೇಲೆ ಅಲ್ಲೇ ಮಣ್ಣಿನಲ್ಲಿ ಕೂತು, ಜೀವನದಲ್ಲಿ ಮೊದಲ ಸಲ, ಉಪ್ಪು ಖಾರ ಹಚ್ಚದೆ ಹೇಳಿದೆ.

"ಮನೆಯೊಳಗೆ ಎಲ್ಲಾದ್ರೂ ಕರೆಂಟು ಸೋರಿದ್ರೆ ಅದು ಮಣ್ಣಿಗೆ ಹೋಗಬೇಕು, ಭಾವ. ಈ ಮನೇಲಿ ಅದಕ್ಕೆ ಇದ್ದದ್ದು ಒಂದೇ ದಾರಿ, ಹಸಿರು ವೈರು, ಅಲ್ಲಿಂದ ಮಣ್ಣಲ್ಲಿ ಹೂತಿದ್ದ ಆ ಕಬ್ಬಿಣದ ಪೈಪು. ನೀವು ಪ್ಲಾಸ್ಟಿಕ್ ಹಾಕಿದ್ರಿ, ದಾರಿ ಮುಚ್ಚಿತು. ಆದ್ರೆ ಒಳಗಿನ ಪೈಪು, ನಲ್ಲಿ ಎಲ್ಲಾ ಇನ್ನೂ ಕಬ್ಬಿಣದ್ದೇ. ಈಗ ಬಚ್ಚಲಿನ ಗೀಸರಿಂದ ಕರೆಂಟು ಸೋರ್ತಿದೆ, ನೀರಿಗೂ ಕರೆಂಟಿಗೂ ನಂಟಿರೋದು ಅದೊಂದಕ್ಕೇ. ಆ ಕರೆಂಟು ಹೋಗೋಕೆ ದಾರಿ ಇಲ್ಲದೆ ಎಲ್ಲಾ ನಲ್ಲೀಲೂ ಕೂತು ಕಾಯ್ತಿತ್ತು, ಯಾರಾದ್ರೂ ಬರಿಗಾಲಲ್ಲಿ ಬರಲಿ ಅಂತ."

ಭಾವ ಕ್ಲಾಂಪಿನ ಸ್ಕ್ರೂ ಬಿಚ್ಚಿ ಕೈಗೆ ತೆಗೆದುಕೊಂಡರು. "ಇಷ್ಟೇನಾ? ಇಷ್ಟು ಹೇಳೋಕೆ ಇಪ್ಪತ್ತು ವರ್ಷ ಬೇಕಾಯ್ತಾ ನಿನಗೆ?"

ಗೀಸರನ್ನು ಗೋಡೆಯಿಂದಲೇ ಇಳಿಸಿದೆ. ನನ್ನ ಗಾಡಿಯ ಮೇಲಿದ್ದ ಎಂಟು ಅಡಿಯ ತಾಮ್ರದ ಸರಳನ್ನು ಇಬ್ಬರೂ ಸರದಿಯಲ್ಲಿ ಸುತ್ತಿಗೆ ಹಿಡಿದು ಮಣ್ಣಿಗೆ ಇಳಿಸಿದೆವು. ಒಬ್ಬೊಬ್ಬರೂ ಮನಸ್ಸಿನಲ್ಲಿ ಇನ್ನೊಬ್ಬರ ತಲೆ ನೆನೆಸಿಕೊಂಡೇ ಹೊಡೆದೆವು ಅಂತ ಕಾಣುತ್ತೆ, ಬೇಗ ಇಳಿಯಿತು. ಹಸಿರು ವೈರನ್ನು ಸರಳಿಗೆ ಕಟ್ಟಿ, ಅಲ್ಲಿಂದ ಇನ್ನೊಂದು ವೈರು ಎಳೆದು ಒಳಗಿನ ಕಬ್ಬಿಣದ ಪೈಪಿಗೂ ಬಿಗಿದೆ. ಮತ್ತೆ ಬಲ್ಬು ಕಟ್ಟಿ ಮೈನ್ ಹಾಕಿದೆ. ಉರಿಯಲಿಲ್ಲ. ಟೆಸ್ಟರೂ ಸುಮ್ಮನಿತ್ತು. ಆದರೂ ಮೊದಲು ನಾನೇ ಬರಿಗಾಲಲ್ಲಿ ಹೋಗಿ ಬಚ್ಚಲಿನ ನಲ್ಲಿ ತಿರುಗಿಸಿದೆ, ಆಮೇಲೆ ಅಕ್ಕನನ್ನು ಕರೆದೆ.

ಅಕ್ಕ ನಗಲಿಲ್ಲ. "ತಣ್ಣೀರಲ್ಲಿ ಸ್ನಾನ ಮಾಡ್ತೀನಿ. ಇಬ್ರೂ ನನ್ನ ಕಣ್ಣೆದುರು ಇರಬೇಡಿ" ಅಂದು ಬಾಗಿಲು ಹಾಕಿಕೊಂಡಳು.

ಭಾವ ಗೇಟಿನ ಹತ್ತಿರ ನಿಂತಿದ್ದರು.

"ಈ ಬೀದೀಲಿ ಇನ್ನೂ ಹನ್ನೊಂದು ಮನೆಗೆ ಪ್ಲಾಸ್ಟಿಕ್ ಹಾಕಿದೀನಿ ಕಣೋ. ಎಲ್ಲಾ ಕಡೆ ಉಜ್ಜಿ ಕಟ್ಟಿದೀನಿ."

ಆ ಹನ್ನೊಂದು ಮನೆಗೂ ವೈರಿಂಗ್ ಮಾಡಿದವನು ನಾನು. ಎಲ್ಲ ಕಡೆಯೂ ಮೀಸೆಯ ಕತೆಯನ್ನೇ ಹೇಳಿದ್ದೆ. ನಾನು ಸುತ್ತಿಗೆ ಎತ್ತಿಕೊಂಡು ಬೀದಿಗೆ ಇಳಿದೆ. ಅವರು ಹಿಂದೆ ಬಂದರು.

ಮೊದಲ ಮನೆಯ ಬಾಗಿಲು ತೆಗೆದದ್ದು ಒಬ್ಬ ದರ್ಜಿ ಹೆಂಗಸು. ಕೊರಳಲ್ಲಿ ಟೇಪು, ಬಾಯಲ್ಲಿ ಗುಂಡುಸೂಜಿ.

"ಅಕ್ಕಾ, ನಿಮ್ಮ ನಲ್ಲೀಲಿ ಕರೆಂಟು ಬರಬಹುದು, ಮೈನ್ ಆಫ್ ಮಾಡಬೇಕು" ಅಂದೆ.

ಅವಳು ಗುಂಡುಸೂಜಿ ತೆಗೆದು ಗಹಗಹಿಸಿ ನಕ್ಕಳು. "ಬಂತಪ್ಪಾ ರೈಲು! ಮಟಮಟ ಮಧ್ಯಾಹ್ನನೇ! ನಲ್ಲೀಲಿ ಕರೆಂಟು ಬಂದ್ರೆ ಒಳ್ಳೇದೇ ಆಯ್ತಲ್ಲ, ಬಿಲ್ಲು ಉಳೀತು!"

ನಾನು ಬಾಯಿ ತೆರೆದೆ. ಭಾವ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು, ಮುಂದೆ ಬಂದು ನಿಂತರು.

"ಅವನು ಹೇಳಿದ್ದು ನಿಜ. ಕೆಲಸ ಕೆಡಿಸಿದ್ದು ನಾನು. ಮೈನ್ ಎಲ್ಲಿದೆ ತೋರಿಸಮ್ಮ."

ಅವಳ ನಗು ಅಲ್ಲೇ ನಿಂತಿತು. ಒಂದು ಮಾತೂ ಕೇಳದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನಾನು ಸುತ್ತಿಗೆ ಹೊತ್ತು ಅವರ ಹಿಂದೆ ಒಳಗೆ ಹೋದೆ.