ಹೆಸರಿಗೆ ಓಗೊಟ್ಟವಳು

ಆ ಬೆಳಿಗ್ಗೆ ಕಾಮಾಕ್ಷಿಪಾಳ್ಯದ ಬೀದಿಯಲ್ಲಿ ನಲ್ಲಿಯ ಮುಂದಿನ ಸಾಲಿಗಿಂತ ರೇವಣಸಿದ್ದಯ್ಯನ ಮನೆಯ ಮುಂದಿನ ಗುಂಪು ದೊಡ್ಡದಾಗಿತ್ತು. ಅವನು ರೇಡಿಯೋವನ್ನು ಕಿಟಕಿಯಲ್ಲಿಟ್ಟು ದನಿ ಏರಿಸಿದ್ದ. ೧೯೭೭ರ ಮಾರ್ಚ್ ತಿಂಗಳು. ಲೋಕಸಭೆಯ ಫಲಿತಾಂಶಗಳು ಒಂದೊಂದಾಗಿ ಬರುತ್ತಿದ್ದವು. ಕೊಡ ತುಂಬಿಸಿಕೊಂಡ ಹೆಂಗಸರೂ ಅಲ್ಲೇ ನಿಂತು ಕೇಳುತ್ತಿದ್ದರು.

ಎದುರು ಮನೆಯ ಜಗಲಿಯ ಮೇಲೆ ಗಂಗಾಧರಯ್ಯ ಮೇಷ್ಟರು ಕುಳಿತಿದ್ದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಆದರೆ ಪೂಜೆ ಮುಗಿದಿರಲಿಲ್ಲ, ನಡುವೆಯೇ ಎದ್ದು ಬಂದಿದ್ದರು. ಮತದಾನದ ದಿನದಿಂದ ಹೀಗೇ. ಅಂಗೈಯ ಲಿಂಗದ ಮೇಲೆ ದೃಷ್ಟಿ ನಿಲ್ಲಿಸುವಷ್ಟರಲ್ಲಿ ಒಂದು ಹೆಂಗಸಿನ ದನಿ ಕಿವಿಯಲ್ಲಿ ‘ಹೂಂ, ನಾನೇ’ ಎನ್ನುತ್ತಿತ್ತು.

‘ಮೇಷ್ಟ್ರೇ, ಗೆದ್ವಿ!’ ರೇವಣಸಿದ್ದಯ್ಯ ಬೀದಿಯ ಆ ಕಡೆಯಿಂದಲೇ ಕೂಗಿದ. ‘ನಮ್ಮ ಅಭ್ಯರ್ಥಿ ಗೆದ್ರು. ಹೋದ ತಿಂಗಳು ರಾಷ್ಟ್ರಪತಿಗಳು ತೀರಿಕೊಂಡ್ರಲ್ಲ, ಇನ್ನು ಹೊಸಬರನ್ನ ಆರಿಸೋರಲ್ಲಿ ಇವರೂ ಒಬ್ಬರು. ಅಂದ್ರೆ ನೋಡಿ, ನಿಮ್ಮ ಮನೆಯೋರು, ನಮ್ಮ ಅಕ್ಕ, ಸತ್ತು ನಾಲ್ಕು ತಿಂಗಳಾದ್ಮೇಲೂ ಇವರಿಗೆ ಓಟು ಹಾಕಿ ದೆಹಲಿಗೆ ಕಳಿಸಿ, ರಾಷ್ಟ್ರಪತಿಗೂ ಓಟು ಹಾಕಿಸ್ತಾರೆ!’

ಗುಂಪು ನಕ್ಕಿತು. ‘ಬದುಕಿದ್ದಾಗ ಮೆಜೆಸ್ಟಿಕ್ಕೇ ನೋಡಿರಲಿಲ್ಲ ಪಾಪ’ ಎಂದು ಯಾರೋ ಸೇರಿಸಿದರು. ಮೇಷ್ಟರು ನಗಲಿಲ್ಲ. ಹೆಂಗಸರ ನಡುವೆ ಒಂದು ಕೊಡ ಸೊಂಟದಿಂದ ಜಾರಿ ನೆಲಕ್ಕೆ ಬಿತ್ತು.

ಮೇಷ್ಟರ ಹೆಂಡತಿ ಶಿವಗಂಗಮ್ಮ ತೀರಿಕೊಂಡದ್ದು ಕಾರ್ತಿಕದಲ್ಲಿ. ಮರುತಿಂಗಳೇ ಆಕೆಯ ಹೆಸರನ್ನು ರೇಷನ್ ಕಾರ್ಡಿನಿಂದ ತೆಗೆಸಲು ಮೇಷ್ಟರು ಹೋಗಿದ್ದರು. ಗುಮಾಸ್ತ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದ, ಅಷ್ಟೇ. ಆ ಗೆರೆಯನ್ನು ನೋಡಿ ಬಂದವರು ಮತ್ತಾವ ಕಚೇರಿಗೂ ಹೋಗಲಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರು ಹಾಗೆಯೇ ಉಳಿಯಿತು.

ಮತದಾನದ ಹಿಂದಿನ ದಿನ ರೇವಣಸಿದ್ದಯ್ಯ ಮತದಾರರ ಎರಡು ಚೀಟಿ ತಂದು ಮೇಷ್ಟರ ಕೈಗಿಟ್ಟಿದ್ದ. ‘ಇದು ನಿಮ್ಮದು. ಅಕ್ಕನದು ಸುಮ್ಮನೆ ಹಾಳಾಗುತ್ತೆ, ನನಗೇ ವಾಪಸ್ ಕೊಡಿ, ಯಾರ ಕೈಲಾದ್ರೂ ಹಾಕಿಸ್ತೀನಿ.’

‘ತಪ್ಪು ಕಣಯ್ಯ.’

‘ಆ ಕಡೆಯೋರು ಹೋದ ಸಲ ಮಧ್ಯಾಹ್ನದೊಳಗೆ ಮೂರು ಹೆಣದ ಓಟು ಹಾಕಿಸಿದ್ರು. ನಾವು ಸತ್ಯಹರಿಶ್ಚಂದ್ರ ಆಗಿ ಕೂತರೆ ಊರು ಉದ್ಧಾರ ಆಗುತ್ತಾ?’

ಮೇಷ್ಟರು ಚೀಟಿಯನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು. ‘ಒಳಗೆ ಹೆಸರು ಕೂಗ್ತಾರೇನು?’

‘ಕೂಗಲೇಬೇಕಲ್ಲ, ಏಜೆಂಟರಿಗೆಲ್ಲ ಕೇಳೋ ಹಾಗೆ.’

ಮೂವತ್ತೆಂಟು ವರ್ಷ ಸಂಸಾರ ಮಾಡಿದರೂ ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದವರಲ್ಲ. ಆ ಮನೆತನದ ಪದ್ಧತಿಯೇ ಹಾಗೆ. ‘ಇವಳೇ’ ಎಂದರೆ ಆಕೆ ಒಳಗಿನಿಂದ ‘ಹೂಂ’ ಎನ್ನುತ್ತಿದ್ದಳು. ಸತ್ತ ಮೇಲೆ ಬೀದಿಯವರೂ ಆ ಹೆಸರನ್ನು ಮರೆತರು. ಒಮ್ಮೆ, ಒಂದೇ ಒಮ್ಮೆ ಯಾರಾದರೂ ಅದನ್ನು ಗಟ್ಟಿಯಾಗಿ ಕರೆದರೆ ಕೇಳಬೇಕೆಂಬ ಆಸೆ ಅವರ ಧರ್ಮವನ್ನು ಸೋಲಿಸಿತು. ಚೀಟಿ ಕೈಬಿಟ್ಟಿತು.

ಮರುದಿನ ತಮ್ಮ ಓಟು ಹಾಕಿದ ಮೇಲೂ ಅವರು ಮತಗಟ್ಟೆಯ ಕಿಟಕಿಯ ಹೊರಗೆ ನಿಂತಿದ್ದರು. ‘ಶಿವಗಂಗಮ್ಮ, ಗಂಡನ ಹೆಸರು ಗಂಗಾಧರಯ್ಯ’ ಎಂದು ಅಧಿಕಾರಿ ಓದಿದ. ಅವರು ಕಿಟಕಿಯ ಕಂಬಿ ಹಿಡಿದುಕೊಂಡರು. ಮರುಕ್ಷಣವೇ ಒಳಗಿನಿಂದ ಯಾವುದೋ ಹೆಣ್ಣುದನಿ ‘ಹೂಂ, ನಾನೇ’ ಎಂದಿತು. ಯಾರ ಹೆಸರು ಕರೆದರೂ ಒಂದು ಉತ್ತರ ಇರುತ್ತದೆಂಬುದನ್ನು ಅವರು ಯೋಚಿಸಿರಲಿಲ್ಲ. ತರಗತಿಯಲ್ಲಿ ಬರದವನ ಹಾಜರಿ ಕೂಗಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮೇಷ್ಟರು, ಅಂದು ತಲೆ ಎತ್ತದೆ ಮನೆಗೆ ಬಂದಿದ್ದರು.

‘ಸ್ವಾಮಿ...’

ಈಗ ಜಗಲಿಯ ಕೆಳಗೆ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಹತ್ತಿರದ ವಯಸ್ಸು. ಸೀರೆಯ ಒಂದು ಪಕ್ಕ ನೀರಿನಿಂದ ನೆನೆದಿತ್ತು. ಆ ಒಂದು ಮಾತಿಗೇ ಮೇಷ್ಟರಿಗೆ ದನಿಯ ಗುರುತು ಸಿಕ್ಕಿತು.

‘ನಾನು ನರಸಮ್ಮ. ಮಾಗಡಿ ರಸ್ತೆಯಿಂದಾಚೆ ಗುಡಿಸಲಲ್ಲಿದೀನಿ, ಅಗರಬತ್ತಿ ಹೊಸೀತೀನಿ. ನೀರಿಗೆ ಅಂತ ಇವತ್ತು ಈ ಬೀದಿಗೆ ಬಂದೆ. ಅವರು ಈಗ ಹೇಳಿದ್ದು ನಿಜವಾ? ಅಮ್ಮಾವ್ರು... ಇಲ್ವಾ?’

‘ಇಲ್ಲ ತಾಯಿ.’

‘ಊರಿಗೆ ಹೋಗಿದಾರೆ, ಮನೆಯೋರೇ ಹೇಳವ್ರೆ ಅಂದ್ರು. ಬದುಕಿರೋರ ಹೆಸರು ಅಂತ ಹೂಂ ಅಂದೆ ಸ್ವಾಮಿ. ಸತ್ತೋರ ಹೆಸರಿಗೆ ಓಗೊಟ್ಟುಬಿಟ್ಟೆನಲ್ಲ!’ ಅವಳು ಎಡಗೈಯನ್ನು ಮುಂದೆ ಚಾಚಿದಳು. ಬತ್ತಿಯ ಕಪ್ಪು ಮೆತ್ತಿದ ಬೆರಳುಗಳ ನಡುವೆ ಒಂದರ ಉಗುರಿನ ಮೇಲೆ ಮಾತ್ರ ಬೇರೆಯೇ ಕಪ್ಪು. ‘ಸೀಗೆಕಾಯಿ ಹಾಕಿ ತಿಕ್ಕಿದೆ. ಹೋಗೋಲ್ಲ.’

‘ನಿನ್ನ ಓಟು?’

ನರಸಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ‘ಗುಡಿಸಲಿಗೆ ನಂಬರು ಕೊಟ್ಟಮೇಲೆ ಈ ಸಲ ನಮ್ಮ ಹೆಸರು ಬಂದಿತ್ತು. ಚೀಟೀಲಿ ಅಚ್ಚುಕಟ್ಟಾಗಿ ಬರೆದಿದ್ರು. ನಾನು ಓದೋಕೆ ಬಾರದೋಳು, ದಿನಾ ತೆಗೆದು ನೋಡ್ತಿದ್ದೆ. ಮೊದಲು ಅಮ್ಮಾವ್ರದು ಹಾಕು, ಶಾಯಿ ಅಳಿಸಿಕೊಡ್ತೀವಿ, ಆಮೇಲೆ ನಿಂದು ಅಂದ್ರು. ಶಾಯಿ ಹೋಗಲಿಲ್ಲ. ಬಾಗಿಲಲ್ಲೇ ಬೆರಳು ನೋಡಿ ವಾಪಸ್ ಕಳಿಸಿದ್ರು.’

ಮೇಷ್ಟರು ಜಗಲಿಯಿಂದ ಇಳಿದು ಅವಳ ಎದುರು ನಿಂತರು.

‘ಮನೆಯೋರೇ ಹೇಳಿದಾರೆ ಅಂದನಲ್ಲ, ಅದು ಸುಳ್ಳಲ್ಲ ಕಣಮ್ಮ. ಚೀಟಿ ಕೊಟ್ಟೋನು ನಾನೇ. ಸತ್ತೋಳ ಹೆಸರು ಕೇಳೋ ಆಸೆಗೆ ಬದುಕಿರೋ ನಿನ್ನ ಹೆಸರು ಕಳೆದೆ.’

ಇಬ್ಬರೂ ನಿಂತಿದ್ದನ್ನು ಕಂಡು ರೇವಣಸಿದ್ದಯ್ಯ ಬೀದಿ ದಾಟಿ ಬಂದ. ವಿಷಯ ತಿಳಿದು ಅವನ ನಗು ಇಳಿಯಿತು. ‘ಏನ್ ಮೇಷ್ಟ್ರೇ ನೀವು! ಸಾವಿರಗಟ್ಟಲೆ ಅಂತರದಲ್ಲಿ ಗೆದ್ದಿದೀವಿ. ಒಂದು ಓಟಿಂದ ಏನಾಯ್ತು?’

‘ನಿನಗೆ ಏನೂ ಆಗಲಿಲ್ಲ. ಇವಳು ಹಾಕಬೇಕಾಗಿದ್ದದ್ದೇ ಒಂದು ಓಟು.’

‘ಈಗ ಏನ್ ಮಾಡ್ತೀರಿ? ಜೈಲಿಗೆ ಹೋಗ್ತೀರಾ?’

‘ಕಳಿಸಿದ್ರೆ ಹೋಗೋದು.’

ರೇವಣಸಿದ್ದಯ್ಯ ಮನೆಯತ್ತ ತಿರುಗಿದ. ಹೋಗಿ ರೇಡಿಯೋದ ದನಿ ಇಳಿಸಿದ.

ಮರುದಿನ ಮೇಷ್ಟರು ಸ್ವಂತ ಕೈಯಲ್ಲಿ ಅರ್ಜಿ ಬರೆದರು. ನನ್ನ ಹೆಂಡತಿ ಲಿಂಗೈಕ್ಯಳಾಗಿದ್ದಾಳೆ, ಅವಳ ಹೆಸರು ತೆಗೆಯಬೇಕು. ಅವಳ ಹೆಸರಿನಲ್ಲಿ ಓಟು ಬಿದ್ದಿದೆ, ಅದಕ್ಕೆ ಚೀಟಿ ಕೊಟ್ಟವನು ನಾನು. ಬೇರೆ ಯಾರ ಹೆಸರನ್ನೂ ಬರೆಯಲಿಲ್ಲ. ನರಸಮ್ಮ ಬೇಡವೆಂದರೂ ಜೊತೆಗೆ ಬಂದಳು. ‘ಅಮ್ಮಾವ್ರನ್ನ ಕಳಿಸಿಕೊಡೋವಾಗ ನಾನೂ ಇರಬೇಕು’ ಎಂದಳು.

ಚುನಾವಣಾ ಕಚೇರಿಯ ಗುಮಾಸ್ತ ಅರ್ಜಿಯ ಎರಡನೆಯ ಸಾಲು ಓದಿ ಕನ್ನಡಕದ ಮೇಲಿನಿಂದ ನೋಡಿದ. ‘ಇದನ್ನ ಹೊಡೆದುಹಾಕಿ ಕೊಡಿ, ಹಿರಿಯರೇ. ಸುಮ್ಮನೆ ತೊಂದರೆ.’

‘ಇರಲಿ.’

ಅವನು ನಿಟ್ಟುಸಿರಿಟ್ಟು ದಪ್ಪ ಪಟ್ಟಿಯನ್ನು ಎಳೆದುಕೊಂಡ. ‘ಸರಿ, ತೀರಿಕೊಂಡವರ ಹೆಸರು ಹೇಳಿ.’

ಮೇಷ್ಟರ ತುಟಿ ಅಲುಗಿತು.

‘ಕೇಳಿಸಲಿಲ್ಲ. ಸ್ವಲ್ಪ ಗಟ್ಟಿಯಾಗಿ.’

‘ಶಿವಗಂಗಾ’ ಎಂದು ಮೇಷ್ಟರು ಕರೆದರು.

ಹಳೆಯ ಕಟ್ಟಡದ ಎತ್ತರದ ಗೋಡೆಗೆ ಆ ಹೆಸರು ತಾಗಿತು. ಪಕ್ಕದಲ್ಲಿ ನರಸಮ್ಮ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮೇಷ್ಟರು ಕಿವಿಗೊಟ್ಟು ಕಾದರು. ಈ ಸಲ ಯಾರೂ ಓಗೊಡಲಿಲ್ಲ.