ಹೊತ್ತು ತಪ್ಪದ ಮಳೆ

ಬಾಯಾರಿದರೂ ಮೊದಲು ಗಡಿಯಾರ ನೋಡಿ ಆಮೇಲೆ ನೀರು ಕುಡಿಯುವ ಮನುಷ್ಯರೊಬ್ಬರನ್ನು ನಾನು ಬಲ್ಲೆ. ನಮ್ಮ ಮಹಡಿಯ ಕೆಳಗೆ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ, ಬೀದಿಯವರೆಲ್ಲ ಗಡಿಯಾರದಜ್ಜ ಎಂದೇ ಕರೆಯುವ ಅವರ ನಡಿಗೆಗೂ ಲೋಲಕದ ಲಯವಿದೆ. ಮೊಣಕೈ ಸವೆದ ಬೂದು ಕೋಟಿನ ಎಡಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಪ್ರತಿ ಮಾತಿಗೂ ಮೊದಲು ‘ಒಂದು ನಿಮಿಷ’ ಎನ್ನುವ ಚಟ. ಆ ಒಂದು ನಿಮಿಷ ಅರವತ್ತು ಸೆಕೆಂಡು ಮೀರಿದ್ದನ್ನು ನಾನಂತೂ ಕಂಡಿರಲಿಲ್ಲ.

ಇಂಥವರ ಕೈಗೆ ಎರಡು ಕಪ್ಪೆಗಳು ಬಂದವು. ಅವರ ಅಕ್ಕ ಮನೆಯಲ್ಲೇ ಮೊಟ್ಟೆಯಿಡಿಸಿ, ಮರಿ ಮಾಡಿಸಿ ಬೆಳೆಸಿಕೊಂಡು ಬಂದ ಹಸಿರು ಕಪ್ಪೆಗಳ ವಂಶದಲ್ಲಿ ಉಳಿದ ಕೊನೆಯ ಜೋಡಿ. ಕಣ್ಮುಚ್ಚುವ ಮುನ್ನ, “ಇವುಗಳ ಸಂಸಾರ ಇಲ್ಲಿಗೇ ನಿಲ್ಲಿಸ್ಬೇಡ ಕಣೋ” ಎಂದು ತಮ್ಮನಿಗೆ ಒಪ್ಪಿಸಿದ್ದರು. ಮಳೆ ಬಿದ್ದರೆ ತಾವೇ ಕೂಡುತ್ತವೆ ಎಂದೂ ಹೇಳಿದ್ದರಂತೆ. ಅಜ್ಜ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜಿನ ತೊಟ್ಟಿಯಿಟ್ಟು, ಪಾಚಿ ಹಾಸಿ, ಅಗಲ ಎಲೆಯ ಗಿಡ ನೆಟ್ಟು, ಸಂಜೆ ಸರಿಯಾಗಿ ಆರಕ್ಕೆ ಗಿಡಕ್ಕೆ ನೀರು ಹಾಕುವ ಝಾರಿಯಿಂದ ಹತ್ತು ನಿಮಿಷ ಮಳೆ ಸುರಿಸತೊಡಗಿದರು. ಮೂರು ವರ್ಷ, ಒಂದು ದಿನವೂ ತಪ್ಪದೆ. ಕಪ್ಪೆಗಳು ಆರಕ್ಕೆ ಬಂದು ಝಾರಿಯ ಕೆಳಗೆ ಕೂತು ಮಿಂದು ಹೋಗುತ್ತಿದ್ದವು, ಅಷ್ಟೇ. ಗಂಡು ಒಮ್ಮೆಯೂ ವಟಗುಟ್ಟಲಿಲ್ಲ. ಹೆಣ್ಣಿಗೆ ವಯಸ್ಸಾಗುತ್ತಿತ್ತು. ಅಜ್ಜ ಭೂತಗನ್ನಡಿ ಹಿಡಿದು ಮೊಟ್ಟೆಗಾಗಿ ಎಲೆಯಡಿಯೆಲ್ಲ ತಡಕಿ ಪೆಚ್ಚುಮೋರೆ ಹಾಕಿಕೊಂಡು ಏಳುವರು.

ಆ ವರ್ಷ ಅಜ್ಜನ ಕಣ್ಣಿನ ಪೊರೆ ತೆಗೆದರು. ತಿಂಗಳು ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಝಾರಿ ಅಜ್ಜಿಯ ಪಾಲಾಯಿತು. ಅಜ್ಜಿಗೂ ಗಡಿಯಾರಕ್ಕೂ ಎಣ್ಣೆ ಸೀಗೆಕಾಯಿ. ನೆನಪಾದಾಗ ನಾಲ್ಕು ಹನಿ ಚಿಮುಕಿಸಿ, ಬಟ್ಟಲಿಗೆ ನೀರು, ಬಾಯಿಗೆ ಹುಳು ಹಾಕಿ ಬಂದುಬಿಡುವರು. ಆರು ಹೊಡೆಯಿತೆಂದರೆ ಅಜ್ಜ ಮಂಚದ ಮೇಲೆ ಚಡಪಡಿಸುವರು. ಕೊನೆಗೆ ವೈದ್ಯರ ಅಪ್ಪಣೆ ಸಿಕ್ಕಿದ್ದೇ ತಡ, ಕಪ್ಪು ಕನ್ನಡಕದಲ್ಲೇ ಕೋಣೆಗೆ ನುಗ್ಗಿ, ಒಣಗಿದ ಪಾಚಿ ಕಂಡು ಅಜ್ಜಿಯ ಮೇಲೆ ಹರಿಹಾಯ್ದು, ಹೊತ್ತು ನೋಡುವುದನ್ನೂ ಮರೆತು, ಮಧ್ಯಾಹ್ನ ಎರಡಕ್ಕೇ ಝಾರಿಯ ಮೇಲೆ ಝಾರಿ ಸುರಿದರು. ಮಹಡಿಯಲ್ಲಿ ನಿದ್ದೆ ಹೊಡೆಯುತ್ತಿದ್ದ ನನ್ನನ್ನು ಎಬ್ಬಿಸಿದ್ದು ಗಂಡುಕಪ್ಪೆಯ ಕೂಗು. ಮರುದಿನ ಬೆಳಿಗ್ಗೆ ನೀರಿನಂಚಿನ ಎಲೆಗೆ ಮೊಟ್ಟೆಗಳ ಗೊಂಚಲು ಅಂಟಿಕೊಂಡಿತ್ತು.

ಮೂರು ವರ್ಷ ತಾವು ಎಡವಿದ್ದೆಲ್ಲಿ ಎಂದು ಅಜ್ಜ ತಲೆ ಕೆರೆದುಕೊಂಡರು. ಅಜ್ಜಿ ಹುಳುವಿನ ಡಬ್ಬಿ ಮುಚ್ಚುತ್ತಾ ಹೇಳಿದರು:

“ದಿನಾ ಆರು ಗಂಟೆಗೆ ಬಂದ್ರೆ ಅದು ಮಳೆ ಅಂತ ಅವಕ್ಕೆ ಹೇಗೆ ಗೊತ್ತಾಗ್ಬೇಕು? ನಲ್ಲಿ ಅಂದ್ಕೊಂಡಿದ್ವು.”

“ಒಂದು ನಿಮಿಷ” ಎಂದು ಅಜ್ಜ ತೊಟ್ಟಿಯ ಮುಂದೆ ಕೂತರು. ಎದ್ದದ್ದು ಹೊತ್ತು ಮುಳುಗಿದ ಮೇಲೆ.

ಅಕ್ಕನ ಮಾತು ಉಳಿಯಿತೆಂದು ನನಗೂ ನೆಮ್ಮದಿಯಾಯಿತು. ಈಗ ಅಜ್ಜ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಯೇ ಆ ಕೋಣೆಗೆ ಕಾಲಿಡುತ್ತಾರೆ. ನಿಯಮನಿಷ್ಠರ ಪ್ರೀತಿಯೇ ಹಾಗೆ. ದಿನವೂ ತಪ್ಪದೆ ಬಡಿಸುತ್ತದೆ, ಹಸಿವಾಗಲು ಬಿಡುವುದಿಲ್ಲ. ಹಾಗೆಂದು ನಾವು ನಗುತ್ತೇವೆ. ಆದರೆ ನಿಜವಾದ ಮಳೆ ಬೇಕಾದ ದಿನ ತುಂಬಿದ ಝಾರಿ ಹಿಡಿದು ನಿಲ್ಲುವವರೂ ಅವರೇ. ನಾವು ಆಗ ಮಹಡಿಯಲ್ಲಿ ಮಲಗಿರುತ್ತೇವೆ.