ಮೂರು ಚುಕ್ಕೆಯ ಅಪರೂಪದ ಪಟ್ಟಿ

ಆನ್‌ಲೈನ್ ಹರಾಜಿನಲ್ಲಿ ಕೊನೆಗೂ ಸಿಕ್ಕಿತೆಂದು ಅಡುಗೆಮನೆಯಲ್ಲಿದ್ದ ನನ್ನನ್ನು ಗಂಡ ವಿಲ್ಲಿ ಕೂಗಿ ಕರೆದ. ಅವನಪ್ಪನ ಕೈಗಡಿಯಾರದೊಳಗೆ, ಚಾವಿ ಕೊಡುವ ಕೀಲಿಯನ್ನು ಹಿಡಿದಿಡುವ ಪಟ್ಟಿ ಮುರಿದಿತ್ತು. ಕಿರುಬೆರಳ ಉಗುರಿನಷ್ಟು ಉಕ್ಕು. ಅದಿಲ್ಲದೆ ಮುಳ್ಳು ತಿರುಗಿಸಲು ಹೋದರೆ ಕೀಲಿ ಕೈಗೇ ಬರುತ್ತದೆ.

"ಕೇಳು ಮಾರ್ಲಿಸ್," ಎಂದು ಅವನು ಓದತೊಡಗಿದ. "'ಅತ್ಯಂತ ಅಪರೂಪ. ಕಾರ್ಖಾನೆ ಎಂದೂ ಹೊರಬಿಡದ ಎರಡು ತೂತಿನ ಪ್ರಾಯೋಗಿಕ ಮಾದರಿ. ಅಂಚಿನಲ್ಲಿ ಮೂರು ಚುಕ್ಕೆ, ಶ್ರೇಷ್ಠ ಕುಶಲಕರ್ಮಿಗಳಿಗೆ ಮಾತ್ರ ಸಲ್ಲುತ್ತಿದ್ದ ಗುಟ್ಟಿನ ಮುದ್ರೆ. ಹಿಂಬದಿಯಲ್ಲಿ ನಿಗೂಢ ಸುರುಳಿ.'"

ಬಗ್ಗಿ ನೋಡಿದೆ. ಆ ನಿಗೂಢ ಸುರುಳಿ ನಾನು ಗೀರಿದ ಬಸವನಹುಳುವಾಗಿತ್ತು.

ನಮ್ಮ ಕಣಿವೆಯ ಗಡಿಯಾರ ಶಾಲೆಯಲ್ಲಿ ಒಬ್ಬರ ಕೆಲಸ ಇನ್ನೊಬ್ಬರದರ ಜೊತೆ ಬೆರೆಯದಿರಲೆಂದು ಪ್ರತಿಯೊಬ್ಬರೂ ಒಂದು ಗುರುತು ಗೀರುತ್ತಿದ್ದೆವು. ಹದಿನೇಳನೆಯ ವಯಸ್ಸಿನಲ್ಲಿ ಈ ಪಟ್ಟಿಗೆ ನಾನು ಕೊರೆದ ತೂತು ಎಡಕ್ಕೆ ಜಾರಿತ್ತು. ಮುಚ್ಚಿಹಾಕಲು ಪಕ್ಕದಲ್ಲೇ ಇನ್ನೊಂದು ಕೊರೆದಿದ್ದೆ. ಹಾಳಾದ ಕೆಲಸ ತಪ್ಪಿಯೂ ಯಾವ ಗಡಿಯಾರದೊಳಗೂ ಸೇರಬಾರದೆಂದು ಉಗೆನಾಂ ಮೇಷ್ಟ್ರು ಅದರ ಮೇಲೆ ಮೂರು ಚುಕ್ಕೆ ಗುದ್ದುತ್ತಿದ್ದರು. ಆ ವರ್ಷ ಅವರು ಸುತ್ತಿಗೆ ಎತ್ತಿದ್ದು ಹೆಚ್ಚಾಗಿ ನನಗಾಗಿಯೇ.

ಆದರೆ ವಿಲ್ಲಿಯ ಲೆಕ್ಕದಲ್ಲಿ ನಾನು ತರಗತಿಗೇ ಮೊದಲಿಗಳು. ಮದುವೆಗೆ ಮುಂಚೆ ಒಂದೇ ಒಂದು ಸಲ ಹಾಗೆ ಹೇಳಿದ್ದೆ, ಕಣ್ಣು ಸೋತದ್ದರಿಂದ ಅಂಚೆ ಕಚೇರಿ ಸೇರಿದೆನೆಂದೂ ಸೇರಿಸಿದ್ದೆ. ಅವನು ಮೂವತ್ತೆರಡು ವರ್ಷಗಳಿಂದ ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದಾನೆ. ಕೈ ನಡುಗದ ಆ ಹುಡುಗಿ ನನಗೂ ಇಷ್ಟವಾಗಿಬಿಟ್ಟಿದ್ದಳು. ಅವನ ಕಣ್ಣಲ್ಲಿ ಅವಳು ಇಲ್ಲವಾದರೆ ನಾನು ಯಾರಾಗಿ ಉಳಿಯುತ್ತೇನೋ ಗೊತ್ತಿರಲಿಲ್ಲ.

ಬೆಲೆ ಮುನ್ನೂರು ಫ್ರಾಂಕ್ ದಾಟಿತ್ತು. ಹೆಸರು ಹಾಕದೆ, ಕಣಿವೆಯ ಶಾಲೆಯ ಹಳೆಯ ವಿದ್ಯಾರ್ಥಿನಿ ಎಂದಷ್ಟೇ ಹೇಳಿ ಮಾರಾಟಗಾರನಿಗೆ ಬರೆದೆ: ಅದು ೧೯೮೫ರಲ್ಲಿ ಶಾಲೆಯಲ್ಲಿ ಕೆಟ್ಟ ತುಂಡು, ಚುಕ್ಕೆಗಳು ತಿರಸ್ಕಾರದ ಗುರುತು, ದಯವಿಟ್ಟು ತೆಗೆದುಹಾಕಿ.

ಮರುದಿನ ವಿಲ್ಲಿ ತಿಂಡಿಗೇ ಬರಲಿಲ್ಲ. "ಬಾರೇ ಇಲ್ಲಿ. ಹೊಸದಾಗಿ ಸೇರಿಸಿದಾನೆ. 'ಕೈಯಿಂದಲೇ ಮಾಡಿದ್ದು, ೧೯೮೫. ಕಣಿವೆಯ ಹಿರಿಯ ಮಹಿಳೆಯೊಬ್ಬರು ಬರಹದಲ್ಲಿ ದೃಢಪಡಿಸಿದ್ದಾರೆ.'"

"ಹಿರಿಯ ಮಹಿಳೆನಾ?"

"ಏಳುನೂರಾ ಇಪ್ಪತ್ತಾಯ್ತು. ನಾನು ಎಂಟುನೂರು ಹಾಕ್ತೀನಿ."

"ವಿಲ್ಲಿ, ಮೌಸ್ ಬಿಡು. ಅದನ್ನ ಮಾಡಿದ್ದು ನಾನು."

ಅವನ ಮುಖ ಅರಳಿತು. "ನೋಡಿದ್ಯಾ, ಶ್ರೇಷ್ಠರಿಗೆ ಮಾತ್ರ ಅಂತ ಅವನೇ ಬರೆದಿದಾನೆ."

"ಅಯ್ಯೋ ದಡ್ಡ, ಅದು ಕೆಟ್ಟ ಮಾಲಿನ ಗುರುತು ಕಣೋ. ನಾನು ಮೊದಲಿಗಳಲ್ಲ. ಹದಿನಾಲ್ಕು ಜನರಲ್ಲಿ ಹದಿನಾಲ್ಕನೆಯವಳು. ಕಣ್ಣಿಗೆ ಏನೂ ಆಗಿರ್ಲಿಲ್ಲ."

"ನಾನು ದುಡ್ಡು ಹಾಕ್ಬಾರ್ದು ಅಂತ ಏನೇನೋ ಕಟ್ತಿದೀಯ."

ನಿಜ ಹೇಳಿದರೂ ನಂಬದಷ್ಟು ಚೆನ್ನಾಗಿ ಆ ಸುಳ್ಳನ್ನು ಬೆಳೆಸಿದ್ದೆ. ಅವನು ಹವ್ಯಾಸಕ್ಕೆ ಗಡಿಯಾರ ರಿಪೇರಿ ಮಾಡುವ ಮೇಜಿನಿಂದ ಉಕ್ಕಿನ ತುಂಡೊಂದನ್ನು ಎತ್ತಿಕೊಂಡು ಕೊರೆಯಲು ಕೂತೆ. ಮೊದಲ ಸುತ್ತಿನಲ್ಲೇ ಕೈ ಎಡಕ್ಕೆ ಜಾರಿತು, ಮೂವತ್ತೊಂಬತ್ತು ವರ್ಷ ಇದಕ್ಕೇ ಕಾದಿದ್ದಂತೆ.

ವಿಲ್ಲಿ ಭೂತಗನ್ನಡಿಯನ್ನು ಕಣ್ಣಿಗೇರಿಸಿ ನನ್ನ ತೂತನ್ನೂ ಪರದೆಯ ತೂತನ್ನೂ ಅದಲುಬದಲಾಗಿ ನೋಡಿದ. ನಾನು ಕಿಟಕಿಯಾಚೆ ಪಕ್ಕದ ಮನೆಯ ಸೌದೆ ರಾಶಿಯನ್ನು ನೋಡುತ್ತ ನಿಂತೆ.

"ಅದೇ ಓರೆ," ಎಂದ ಕೊನೆಗೆ. "ಒಂದು ಕೂದಲೂ ಆಚೀಚೆ ಇಲ್ಲ. ಇಷ್ಟು ಕೆಟ್ಟದಾಗಿ, ಇಷ್ಟು ಕರಾರುವಾಕ್ಕಾಗಿ ನನ್ನ ಕೈಲಂತೂ ಆಗಲ್ಲ."

"ಬೈಯೋದಿದ್ರೆ ಬೈದುಬಿಡು."

"ಬೈದ್ರೆ ತೂತು ನೆಟ್ಟಗಾಗುತ್ತಾ?" ಎಂದವನ ದನಿಯಲ್ಲಿ ತುಸು ನೋವಿತ್ತು, ಅವನೂ ಆ ಹುಡುಗಿಯನ್ನು ಕಳೆದುಕೊಂಡಿದ್ದ. ಆಮೇಲೆ ಕುರ್ಚಿಯೊಂದನ್ನು ಪಕ್ಕಕ್ಕೆ ಎಳೆದ. "ಕೂತ್ಕೋ. ಮೊಣಕೈ ಗಾಳೀಲಿ ಇದ್ರೆ ಜಾರದೆ ಏನಾಗುತ್ತೆ? ಮೇಜಿಗೆ ಊರು. ನಿಮ್ಮ ಮೇಷ್ಟ್ರು ಇದನ್ನೂ ಹೇಳ್ಕೊಡ್ಲಿಲ್ವಾ?"

ಬಹುಶಃ ಹೇಳಿಕೊಟ್ಟಿದ್ದರು. ಆಗ ನಾನು ಕೇಳಿಸಿಕೊಳ್ಳುತ್ತಿದ್ದುದು ಸುತ್ತಿಗೆಯ ಸದ್ದನ್ನು ಮಾತ್ರ.

ಆ ಎರಡು ತೂತಿನ ಅಪರೂಪ ಸಾವಿರದ ನೂರಕ್ಕೆ ಯಾರದೋ ಪಾಲಾಯಿತು. ಕೊಂಡವರಿಗೆ ವಿಲ್ಲಿ ಪತ್ರ ಬರೆದು ಎಚ್ಚರಿಸಿದ. ಹರಾಜಿನಲ್ಲಿ ಸೋತ ಹೊಟ್ಟೆಕಿಚ್ಚಿಗೆ ಹೀಗನ್ನುತ್ತಿದ್ದೀರಿ ಎಂಬ ಉತ್ತರ ಬಂತು. ಮಾವನ ಗಡಿಯಾರದಲ್ಲಿ ಈಗ ನಾನು ಕೊರೆದ ಆರನೆಯ ಪಟ್ಟಿ ಇದೆ. ಕೀಲಿಯನ್ನು ಮೆಲ್ಲಗೆ ಎಳೆದರೆ ನಿಲ್ಲುತ್ತದೆ. ಜೋರಾಗಿ ಎಳೆದವರಿಗೆ ವಿಲ್ಲಿ, ಇದು ಬಹಳ ಸೂಕ್ಷ್ಮ ಮಾದರಿ ಎಂದು ಗಂಭೀರವಾಗಿ ಹೇಳಿ, ಕೀಲಿಯನ್ನು ನೆಲದಿಂದ ಹೆಕ್ಕಿಕೊಳ್ಳುತ್ತಾನೆ.